ಬಾಲ್ಕನಿಯಲ್ಲಿ ಹೆಜ್ಜೇನು ಕಟ್ಟಿದೆಯಾ? ಸ್ಪ್ರೇ ಹೊಡೆಸುವ ಮುನ್ನ ಇದನ್ನು ಓದಿ

ಚಳಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಮೇಲಿನ ಮಹಡಿಯ ಸಜ್ಜೆಯ ಕೆಳಗೆ ಕಪ್ಪಗೆ ಜೋತುಬಿದ್ದ ಅರ್ಧಚಂದ್ರ. ಅದರ ಹಿಂದೆಯೇ ಸಾಲು ಸಾಲು ಮೆಸೇಜು. ‘ಮಕ್ಕಳಿದ್ದಾರೆ, ಇವತ್ತೇ ತೆಗೆಸಿ’ ಅಂತ ಒಬ್ಬರು, ‘ಪಾಪ, ಇರಲಿ ಬಿಡಿ’ ಅಂತ ಇನ್ನೊಬ್ಬರು, ‘ತುಪ್ಪ ಇಳಿಸಿದರೆ ನಮಗೂ ಒಂದು ಬಾಟ್ಲಿ’ ಅಂತ ಮತ್ತೊಬ್ಬರು. ಮನೆಗೆ ಲಕ್ಷ್ಮಿ ಬಂದಳು ಎನ್ನುವವರೂ ಇದ್ದಾರೆ, ಅಪಶಕುನ ಎನ್ನುವವರೂ ಇದ್ದಾರೆ. ಕೊನೆಗೆ ಗೆಲ್ಲುವುದು ಸಾಮಾನ್ಯವಾಗಿ ಮೊದಲನೆಯವರೇ. ಔಷಧ ಹೊಡೆಯುವವರು ಬರುತ್ತಾರೆ. ಮರುದಿನ ಬೆಳಗ್ಗೆ ಸಾವಿರಗಟ್ಟಲೆ ಹುಳ ನೆಲದ ಮೇಲೆ. ಗುಡಿಸುವ ಹೆಂಗಸಿಗೆ ಅವತ್ತು ಎರಡು ಪಟ್ಟು ಕೆಲಸ, ಜೊತೆಗೆ ಅರೆಜೀವ ಹುಳಗಳ ಕಡಿತ.

ಬಹಳಷ್ಟು ಸಲ ಇದು ಬೇಕಿರಲಿಲ್ಲ. ಹೆಜ್ಜೇನು ಒಂದೇ ಕಡೆ ವರ್ಷಪೂರ್ತಿ ಇರುವುದು ಕಡಿಮೆ. ಹೂವು ಇರುವ ತನಕ ಇದ್ದು, ಆಮೇಲೆ ಗೂಡನ್ನೇ ಬಿಟ್ಟು ಬೇರೆ ಕಡೆ ಹೋಗುವ ಬಾಡಿಗೆದಾರ ಅದು. ಹಾಗಂತ ಸುಮ್ನೆ ಕೂರುವುದೂ ಸರಿಯಲ್ಲ. ಏನೂ ಮಾಡದೆ ಇರುವುದಕ್ಕೂ ಒಂದಿಷ್ಟು ತಯಾರಿ ಬೇಕು.

ಮೊದಲು, ಯಾವ ಜೇನು ಅಂತ ನೋಡಿ

ನಮ್ಮ ಊರುಗಳಲ್ಲಿ ಮುಖ್ಯವಾಗಿ ಕಾಣುವುದು ನಾಲ್ಕು ಬಗೆ. ಗೋಡೆಯ ಬಿರುಕಿನಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಅಂಟಿನ ಸಣ್ಣ ಕೊಳವೆ ಮಾಡಿಕೊಂಡು ಓಡಾಡುವ ಪುಟ್ಟ ಕಪ್ಪು ಹುಳ ನಸರಿ. ಕರಾವಳಿಯವರು ಮುಜಂಟಿ ಎನ್ನುತ್ತಾರೆ. ಅದಕ್ಕೆ ಚುಚ್ಚುವುದೇ ಗೊತ್ತಿಲ್ಲ, ಅದರ ಪಾಡಿಗೆ ಬಿಟ್ಟುಬಿಡಿ. ಗಿಡದ ರೆಂಬೆಗೆ ಅಂಗೈಯಗಲದ ಒಂದೇ ಎರಿ (ಮೇಣದ ಹುಟ್ಟು) ಕಟ್ಟುವುದು ಕೋಲುಜೇನು. ಅದೂ ಸಾಧು. ಮರದ ಪೊಟರೆ, ಮೀಟರ್ ಪೆಟ್ಟಿಗೆ, ಹಳೇ ಮಡಕೆಯ ಒಳಗೆ ಸಾಲಾಗಿ ಹಲವು ಎರಿ ಕಟ್ಟಿದ್ದರೆ ಅದು ತುಡುವೆ. ಪೆಟ್ಟಿಗೆಯಲ್ಲಿ ಸಾಕುವುದು ಇದನ್ನೇ. ಹಾಗಾಗಿ ಜೇನು ಕೃಷಿಕರೊಬ್ಬರಿಗೆ ಹೇಳಿದರೆ ಖುಷಿಯಿಂದ ಬಂದು ಕೊಂಡೊಯ್ಯುತ್ತಾರೆ.

ಎತ್ತರದ ಸಜ್ಜೆ, ನೀರಿನ ಟ್ಯಾಂಕು, ಮೇಲ್ಸೇತುವೆಯ ತಳದಲ್ಲಿ ಬಯಲಲ್ಲೇ ಜೋತಾಡುವ ದೊಡ್ಡ ಎರಿ ಮಾತ್ರ ಹೆಜ್ಜೇನಿನದು. ಒಂದು ಮೀಟರ್ ಅಗಲದ ತನಕವೂ ಬೆಳೆಯುತ್ತದೆ. ಒಂದು ಗೂಡಿನಲ್ಲಿ ಹತ್ತಾರು ಸಾವಿರ ಹುಳ. ಇದನ್ನು ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ. ‘ಯಾರಾದರೂ ಬಂದು ಹಿಡಕೊಂಡು ಹೋಗಲಿ’ ಎನ್ನುವ ಮಾತು ಹೆಜ್ಜೇನಿಗೆ ಹೊಂದುವುದಿಲ್ಲ.

ಗೂಡೋ, ದಣಿವಾರಿಸಿಕೊಳ್ಳುವ ಗುಂಪೋ?

ದಾರಿಯಲ್ಲಿ ಹೊರಟ ಹೆಜ್ಜೇನು ಗುಂಪು ನಡುವೆ ಎಲ್ಲಾದರೂ ಇಳಿದು ಸುಧಾರಿಸಿಕೊಳ್ಳುವುದುಂಟು. ಮರದ ಕೊಂಬೆಗೋ ನಿಮ್ಮ ಬಾಲ್ಕನಿಯ ಸರಳಿಗೋ ಗೊಂಚಲಾಗಿ ಅಂಟಿಕೊಂಡಿರುತ್ತದೆ. ಒಳಗೆ ಮೇಣದ ಎರಿ ಇರುವುದಿಲ್ಲ. ಕಾಯಬೇಕಾದ ಮರಿಗಳಾಗಲಿ ತುಪ್ಪವಾಗಲಿ ಇಲ್ಲದ ಕಾರಣ ಹುಳಗಳು ಅಷ್ಟು ಸಿಟ್ಟಿನಲ್ಲಿ ಇರುವುದಿಲ್ಲ. ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ ಎದ್ದು ಹೋಗುತ್ತವೆ. ಆದ್ದರಿಂದ ಮೊದಲ ದಿನವೇ ಯಾರಿಗೂ ಫೋನ್ ಮಾಡಬೇಡಿ. ಆ ಬಾಗಿಲು ಮುಚ್ಚಿ, ಕಾದು ನೋಡಿ.

ಎರಿ ಕಟ್ಟಲು ಶುರು ಮಾಡಿದ್ದರೆ ಗಾಜಿನ ಹಿಂದೆ ನಿಂತು ಗಮನಿಸಿ. ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ನಿಮಗೆ ಕಾಣುವ ಕಪ್ಪು ಪರದೆ ಎರಿಯಲ್ಲ, ಎರಿಯನ್ನು ಮುಚ್ಚಿ ಒಂದರ ಮೇಲೊಂದು ಒತ್ತಿ ಕೂತ ಹುಳಗಳು. ಕಣಜವೊಂದು ಹತ್ತಿರ ಸುಳಿದರೆ ಆ ಪರದೆಯ ಮೇಲೆ ಸರ್ರನೆ ಒಂದು ಅಲೆ ಓಡುತ್ತದೆ. ಸಾಲಾಗಿ ಸಾವಿರಾರು ಹುಳ ಹಿಂಬದಿಯನ್ನು ಮೇಲೆತ್ತಿ ಇಳಿಸುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲೆ ಈ ತುದಿಯಿಂದ ಆ ತುದಿಗೆ. ಕಣಜ ಗಲಿಬಿಲಿಗೊಂಡು ಹಿಂದೆ ಸರಿಯುತ್ತದೆ. ಕೆಳತುದಿಯ ಹತ್ತಿರ ಪರದೆ ತುಸು ಸಡಿಲ. ಹೂವಿಂದ ಬಂದ ಹುಳ ಇಳಿಯುವುದು ಅಲ್ಲೇ, ಎಲ್ಲಿ ಹೂವಿದೆ ಅಂತ ಹಿಂಬದಿ ಅಲ್ಲಾಡಿಸುತ್ತಾ ಕುಣಿದು ಹೇಳುವುದೂ ಅಲ್ಲೇ. ಟಿಕೆಟ್ ಇಲ್ಲದೆ ಇಷ್ಟು ನೋಡಲು ಸಿಗುವುದು ಬಾಲ್ಕನಿಯಲ್ಲಿ ಮಾತ್ರ.

ಮನೆಯೊಳಗಿನ ತಯಾರಿ

ಜನ ಹೆದರುವುದು ಹಗಲಿಗೆ. ನಿಜವಾದ ತೊಂದರೆ ಶುರುವಾಗುವುದು ಸಂಜೆ ದೀಪ ಹಚ್ಚಿದ ಮೇಲೆ. ಹೆಜ್ಜೇನು ಬೆಳದಿಂಗಳಲ್ಲೂ ಹೂವಿಗೆ ಹೋಗುವ ಹುಳ. ಟ್ಯೂಬ್‌ಲೈಟು, ಬಿಳಿ ಎಲ್‌ಇಡಿ ಕಂಡರೆ ಅತ್ತ ನುಗ್ಗುತ್ತದೆ. ದೀಪಕ್ಕೆ ಬಡಿದು ಸುಸ್ತಾಗಿ ನೆಲಕ್ಕೆ ಬೀಳುತ್ತದೆ, ಬರಿಗಾಲಲ್ಲಿ ತುಳಿದವರಿಗೆ ಚುಚ್ಚುತ್ತದೆ. ಮನೆಯಲ್ಲಿ ಆಗುವ ಕಡಿತದಲ್ಲಿ ಇದೇ ಜಾಸ್ತಿ.

ಹಾಗಾಗಿ ಬಾಲ್ಕನಿಯ ದೀಪ ಆರಿಸಿ. ಆ ಬದಿಯ ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಬೆಳಕು ಬೇಕೇ ಬೇಕೆಂದರೆ ಮಂದ ಹಳದಿ ಬಲ್ಬ್ ಹಾಕಿ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ, ಎಕ್ಸಾಸ್ಟ್ ಫ್ಯಾನಿನ ಸಂದಿಯನ್ನೂ ಮರೆಯಬೇಡಿ. ರಾತ್ರಿ ಮನೆಯೊಳಗೆ ಚಪ್ಪಲಿ ಹಾಕಿಕೊಳ್ಳಿ. ಹುಳ ಒಳಗೆ ಬಂದರೆ ಲೋಟ ಕವುಚಿ, ಕೆಳಗೆ ದಪ್ಪ ಕಾಗದ ತೂರಿಸಿ, ಹೊರಗೆ ಬಿಡಿ. ಹೊಸಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾರಿನ ಮೇಲೆ, ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಹಳದಿ ಚುಕ್ಕೆ ಬಿದ್ದರೆ ಗಾಬರಿಯಾಗಬೇಡಿ. ಗುಂಪಾಗಿ ಹಾರಿ ಒಟ್ಟಿಗೆ ಹಿಕ್ಕೆ ಹಾಕುವುದು ಹೆಜ್ಜೇನಿನ ರೂಢಿ. ಅದರಲ್ಲಿ ಇರುವುದು ಬಹುಪಾಲು ಪರಾಗ. 1981ರಲ್ಲಿ ಅಮೆರಿಕದವರು ಆಗ್ನೇಯ ಏಷ್ಯಾದಲ್ಲಿ ‘ಹಳದಿ ಮಳೆ’ ಸುರಿಯುತ್ತಿದೆ, ಇದು ಸೋವಿಯತ್ ವಿಷಾಸ್ತ್ರ ಅಂತ ದೊಡ್ಡ ಗಲಾಟೆ ಎಬ್ಬಿಸಿದ್ದರು. ಮ್ಯಾಥ್ಯೂ ಮೆಸೆಲ್ಸನ್, ಥಾಮಸ್ ಸೀಲಿ ಎಂಬ ವಿಜ್ಞಾನಿಗಳು ಪರೀಕ್ಷಿಸಿ, ಆ ಚುಕ್ಕೆಗಳು ಜೇನಿನ ಹಿಕ್ಕೆ ಎಂದು ತೋರಿಸಿದರು. ನಿಮ್ಮ ಕಾರಿನ ಮೇಲೆ ಬಿದ್ದದ್ದೂ ಅದೇ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಕಟ್ಟಡದವರಿಗೆಲ್ಲ ತಿಳಿಸಿ

ಗುಂಪಿನಲ್ಲಿ ಫೋಟೊ ಹಾಕುವವರು ಗಾಜಿನ ಹಿಂದೆ ಸೇಫ್ ಆಗಿರುತ್ತಾರೆ. ಕಡಿತ ತಿನ್ನುವವರು ಬೇರೆಯವರು: ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವವರು, ಗಾಜು ಒರೆಸುವವರು, ಗೇಟಿನ ಬಳಿ ಕೂತ ವಾಚ್‌ಮನ್. ಹಗ್ಗದ ಮೇಲಿರುವವನಿಗೆ ಓಡಲು ಜಾಗವೇ ಇಲ್ಲ. ಗೂಡು ಇರುವಷ್ಟು ದಿನ ಆ ಬದಿಯಲ್ಲಿ ಬಣ್ಣ, ಡ್ರಿಲ್ಲಿಂಗ್, ಟ್ಯಾಂಕ್ ತೊಳೆಯುವುದು ಎಲ್ಲ ನಿಲ್ಲಿಸಿ. ಇದು ಅಸೋಸಿಯೇಷನ್ ಮೀಟಿಂಗಿನಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತು. ಲಿಫ್ಟ್ ಪಕ್ಕ ಒಂದು ಚೀಟಿ ಅಂಟಿಸಿ, ಕನ್ನಡದಲ್ಲೂ ಕೆಲಸಗಾರರಿಗೆ ಗೊತ್ತಿರುವ ಭಾಷೆಯಲ್ಲೂ.

ಪಟಾಕಿ, ಹೊಗೆ, ಗೂಡಿಗೆ ಕಲ್ಲು ಇವೆಲ್ಲ ಬೇಡ ಅಂತ ಮಕ್ಕಳಿಗೆ ಹೇಳುವುದೇನೋ ಸರಿ. ಆದರೆ ಎಷ್ಟೋ ಸಲ ಜೇನು ಏಳುವುದಕ್ಕೆ ಮನುಷ್ಯರು ಕಾರಣವೇ ಅಲ್ಲ. ಜೇನುಗಿಡುಗ ಅಂತ ಒಂದು ಹಕ್ಕಿ ಇದೆ. ಎರಿಗೆ ಎರಗಿ ಮರಿಹುಳ, ಮೇಣ ತಿನ್ನುತ್ತದೆ. ಹಕ್ಕಿ ಹಾರಿಹೋಗುತ್ತದೆ, ಸಿಟ್ಟು ಕೆಳಗೆ ನಡೆಯುವವರ ಮೇಲೆ ತಿರುಗುತ್ತದೆ.

ಜೇನು ಎದ್ದರೆ

ಓಡಿ. ಅಲ್ಲಾಡದೆ ನಿಂತರೆ ಏನೂ ಮಾಡುವುದಿಲ್ಲ ಎಂಬ ಮಾತು ಒಂಟಿ ಹುಳಕ್ಕೆ ಸರಿ, ಎದ್ದ ಹೆಜ್ಜೇನಿಗಲ್ಲ. ಅಂಗಿಯನ್ನೋ ದುಪಟ್ಟಾವನ್ನೋ ಮುಖಕ್ಕೆ ಎಳೆದುಕೊಂಡು, ಬಾಯಿ ಮುಚ್ಚಿ, ನೇರವಾಗಿ ಓಡಿ. ಹತ್ತಿರದ ಕೋಣೆಯೋ ಕಾರೋ ಸೇರಿ ಬಾಗಿಲು ಹಾಕಿಕೊಳ್ಳಿ. ನಾಲ್ಕು ಹುಳ ಜೊತೆಗೇ ಒಳಗೆ ಬಂದರೂ ಪರವಾಗಿಲ್ಲ. ಹೆಜ್ಜೇನು ನೂರಾರು ಮೀಟರ್ ಅಟ್ಟಿಸಿಕೊಂಡು ಬರುವುದುಂಟು. ನೀರಿಗೆ ಹಾರಬೇಡಿ, ತಲೆ ಎತ್ತುವ ತನಕ ಮೇಲೆಯೇ ಸುತ್ತುತ್ತಿರುತ್ತವೆ.

ಕೈಬೀಸಿ ಹೊಡೆಯಬೇಡಿ. ಒಂದು ಹುಳ ಚುಚ್ಚಿದಾಗ ಅಥವಾ ಜಜ್ಜಿಹೋದಾಗ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ‘ಶತ್ರು ಇಲ್ಲಿದ್ದಾನೆ’ ಅಂತ ಉಳಿದವಕ್ಕೆ ಅದೇ ಸೂಚನೆ. ಹೊಸಕಬೇಡಿ ಎಂದದ್ದು ಇದಕ್ಕೇ.

ಚುಚ್ಚಿದ ಮೇಲೆ ಕೊಂಡಿ ಚರ್ಮದಲ್ಲೇ ಉಳಿದು, ಅದರ ವಿಷದ ಚೀಲ ಇನ್ನೂ ಮಿಡಿಯುತ್ತಿರುತ್ತದೆ. ಉಗುರಿನಿಂದಲೋ ಎಟಿಎಂ ಕಾರ್ಡಿನ ಅಂಚಿನಿಂದಲೋ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಸೋಪು ಹಾಕಿ ತೊಳೆದು ಐಸ್ ಇಡಿ. ಸುಣ್ಣ ಹುಡುಕುತ್ತಾ ಹೊತ್ತು ಕಳೆಯಬೇಡಿ. ಉಸಿರು ಕಟ್ಟಿದಂತಾದರೆ, ತುಟಿ, ನಾಲಿಗೆ, ಗಂಟಲು ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ, ತಲೆಸುತ್ತಿ ಬಂದರೆ ಒಂದೇ ಹುಳ ಕಚ್ಚಿದ್ದರೂ ಅಪಾಯವೇ. ಕೂಡಲೇ 108ಕ್ಕೆ ಕರೆ ಮಾಡಿ. ಅಲರ್ಜಿ ಇಲ್ಲದವರಿಗೂ ಹತ್ತಾರು ಕಡೆ ಕಚ್ಚಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಅಷ್ಟು ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಅದು ತಕ್ಷಣ ಗೊತ್ತಾಗುವುದಿಲ್ಲ.

ತೆಗೆಸಲೇಬೇಕಾದರೆ

ಕೆಲವು ಕಡೆ ಕಾಯುವುದು ಸರಿಯಲ್ಲ. ಶಾಲೆಯ ಕಾರಿಡಾರು, ಆಸ್ಪತ್ರೆಯ ಬಾಗಿಲು, ಜೇನಿನ ಅಲರ್ಜಿ ಇರುವವರ ಮನೆ, ಮಕ್ಕಳ ಕೈಗೆಟಕುವ ಎತ್ತರ. ಇಲ್ಲಿ ತೆಗೆಸಿ, ತಪ್ಪೇನಿಲ್ಲ. ಆದರೆ ಕೀಟನಾಶಕ ಹೊಡೆಸಬೇಡಿ. ಹೊರಗೆ ಹೋದ ಹುಳಗಳು ಹೇಗೂ ವಾಪಸ್ ಬಂದು ಗೂಡು ಹುಡುಕುತ್ತಾ ಗಿರಗಿರ ಸುತ್ತುತ್ತವೆ. ವಿಷ ತಾಗಿದ ತುಪ್ಪವನ್ನು ಬೇರೆ ಜೇನು, ಇರುವೆ, ಹಕ್ಕಿ ತಿನ್ನುತ್ತವೆ. ‘ಒಂದು ಬಾಟ್ಲಿ’ ಕೇಳಿದವರೂ ತಿನ್ನಬಹುದು.

ಕೊಲ್ಲದೆ ಎಬ್ಬಿಸಿ ಕಳಿಸುವ ಅನುಭವಸ್ಥರು ಇದ್ದಾರೆ. ಮೈಮುಚ್ಚುವ ಉಡುಪು ಇದೆಯೇ, ಔಷಧ ಬಳಸುತ್ತಾರೆಯೇ, ಯಾವ ಹೊತ್ತಿಗೆ ಕೆಲಸ ಮಾಡುತ್ತಾರೆ ಅಂತ ಮೊದಲೇ ಕೇಳಿ. ಜನ ಓಡಾಡುವ ಹಗಲಲ್ಲಿ ಗೂಡಿಗೆ ಕೈಹಾಕುತ್ತೇನೆ ಎನ್ನುವವರನ್ನು ಬಾಗಿಲಿಂದಲೇ ಕಳಿಸಿ. ಪಾಲಿಕೆಯ ಅರಣ್ಯ ವಿಭಾಗವನ್ನೋ, ಜಿಕೆವಿಕೆಯ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ, ಜೇನು ಕೃಷಿ ವಿಭಾಗವನ್ನೋ ಕೇಳಿ ನೋಡಬಹುದು. ಕೆಲಸ ನಡೆಯುವಾಗ ಸುತ್ತಲಿನ ಮನೆಗಳೆಲ್ಲ ದೀಪ ಆರಿಸಿ ಕಿಟಕಿ ಮುಚ್ಚಿರಬೇಕು.

ತೆಗೆಸುವ ಮುಂಚೆ ಲೆಕ್ಕ ಹಾಕಬೇಕಾದ್ದು ಇನ್ನೊಂದಿದೆ. ಬೀದಿಯ ಹೊಂಗೆ, ನೇರಳೆ, ಹಿತ್ತಲ ನುಗ್ಗೆ ಕಾಯಿ ಕಚ್ಚಲು ಇಂಥ ಹುಳಗಳು ಬೇಕು. ಕೊಡಗಿನ ರೊಬಸ್ಟಾ ಕಾಫಿಗೂ ಹೆಜ್ಜೇನಿನ ಪರಾಗಸ್ಪರ್ಶ ಬೇಕು. ಹೊಸಕೋಟೆ ತಾಲ್ಲೂಕಿನ ನಂದಗುಡಿ ಹತ್ತಿರ ರಾಮಗೋವಿಂದಪುರದ ಆಲದ ಮರವೊಂದರಲ್ಲಿ ಹೆಜ್ಜೇನು ನೂರಾರು ಗೂಡು ಕಟ್ಟುತ್ತದೆ. ಅಂಥ ಮರಗಳು ಊರಲ್ಲಿ ಉಳಿಯದಿದ್ದಾಗ ಹೆಜ್ಜೇನು ಕಾಂಕ್ರೀಟ್ ಸಜ್ಜೆಗೇ ಬರುತ್ತದೆ ಅಲ್ವಾ?

ಖಾಲಿ ಮಾಡಿ ಹೋದ ಮೇಲೆ

ಅರ್ಧಕ್ಕರ್ಧ ಜನ ಮರೆಯುವುದು ಇದನ್ನೇ. ಹೆಜ್ಜೇನು ಹೋದ ವರ್ಷದ ಜಾಗಕ್ಕೇ ಮತ್ತೆ ಬರುತ್ತದೆ. ಮೇಣದ ಗುರುತು, ವಾಸನೆ ಉಳಿದಿದ್ದರೆ ಹೊಸ ಗುಂಪಿಗೂ ಆಹ್ವಾನ. ಹುಳ ಪೂರ್ತಿ ಹೋಗಿವೆ ಅಂತ ಒಂದು ವಾರ ಖಾತ್ರಿ ಮಾಡಿಕೊಂಡು ಒಣ ಎರಿ ಕಿತ್ತುಹಾಕಿ. ಉಳಿದ ಮೇಣವನ್ನು ಅಗಲ ಬಾಯಿಯ ಕರಣೆಯಿಂದ ಹೆರೆದು, ಬಿಸಿ ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಅಷ್ಟು ಜಾಗಕ್ಕೆ ಬಣ್ಣ ಹೊಡೆಸಿ.

ಮತ್ತೆ ಬರುವುದೇ ಬೇಡ ಎಂದಿದ್ದರೆ ಸಜ್ಜೆಯ ಕೆಳಗೆ ನೆಟ್ ಕಟ್ಟಿಸಿ. ಬಿಗಿಯಾಗಿರಲಿ, ಸಡಿಲವಾದರೆ ಪಾರಿವಾಳ, ಬಾವಲಿ ಸಿಕ್ಕಿಕೊಂಡು ಸಾಯುತ್ತವೆ. ಈ ಕೆಲಸ ಮಳೆಗಾಲ ಮುಗಿಯುವುದರೊಳಗೆ ಆಗಬೇಕು. ಗೂಡು ಯಾವಾಗ ಕಟ್ಟಿತು, ಯಾವಾಗ ಬಿಟ್ಟಿತು ಎನ್ನುವುದನ್ನು ಅಸೋಸಿಯೇಷನ್ ರಿಜಿಸ್ಟರಿನಲ್ಲಿ ಬರೆದಿಡಿ. ಮುಂದಿನ ವರ್ಷ ಗೋಡೆಗೆ ಬಣ್ಣ ಯಾವ ತಿಂಗಳಲ್ಲಿ ಅಂತ ಗುತ್ತಿಗೆದಾರರು ಕೇಳಿದಾಗ ಆ ಪುಟ ತೆರೆದು ನೋಡಿದರೆ ಸಾಕು.