ಹಳೆಯ ಆರ್‌ಪಿಜಿ: ಮೂಲ ಆಡಬೇಕೇ, ರೀಮಾಸ್ಟರ್ ಆಡಬೇಕೇ?

'ಬಾಲ್ಡರ್ಸ್ ಗೇಟ್' ಎಂಬ ಆರ್‌ಪಿಜಿ (ಪಾತ್ರವೊಂದನ್ನು ವಹಿಸಿ ಕತೆಯಲ್ಲಿ ಸಾಗುವ ಆಟ) ಆಡಬೇಕೆಂದು ಇಂದು ಹೊರಟವರ ಮುಂದೆ ಎರಡು ಆಟಗಳಿರುತ್ತವೆ. ಒಂದು, ಬಯೋವೇರ್ 1998ರಲ್ಲಿ ಐದು ಸಿಡಿಗಳಲ್ಲಿ ಹೊರತಂದ ಮೂಲ. ಇನ್ನೊಂದು, ಬೀಮ್‌ಡಾಗ್ 2012ರಲ್ಲಿ ಬಿಡುಗಡೆ ಮಾಡಿದ ಎನ್‌ಹಾನ್ಸ್ಡ್ ಎಡಿಷನ್, ಅಂದರೆ ಹೊಸ ಯಂತ್ರಗಳಿಗೆ ತಿದ್ದಿ ತಂದ ರೀಮಾಸ್ಟರ್. ಸ್ಕ್ರೀನ್‌ಶಾಟ್ ನೋಡಿ, ಚೆಂದ ಕಂಡದ್ದನ್ನು ಆರಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಚಿತ್ರ ಕೊನೆಗೆ ನೋಡಬೇಕಾದದ್ದು. ಮೂಲ ಆಟದ ತೊಡಕುಗಳಲ್ಲಿ ಎರಡು ಬಗೆ. ಕೆಲವು ಆಗಿನ ಕಂಪ್ಯೂಟರಿನ ಮಿತಿಯಿಂದ ಬಂದವು. ಇನ್ನು ಕೆಲವನ್ನು ಆಟ ಕಟ್ಟಿದವರು ಬೇಕೆಂದೇ ಇಟ್ಟರು. ಮೊದಲನೆಯವು ಹೋದರೆ ಏನೂ ನಷ್ಟವಿಲ್ಲ. ಎರಡನೆಯವು ಹೋದರೆ ಅದೇ ಹೆಸರಿನ ಬೇರೆ ಆಟ ಉಳಿಯುತ್ತದೆ.

ಮೊದಲು: ಏನೇನು ಬದಲಾಗಿದೆ ಎಂದು ತಿಳಿಯಿರಿ

ರೀಮಾಸ್ಟರ್ ಎಂಬ ಹೆಸರು ನೋಡಿ ಏನನ್ನೂ ಊಹಿಸಬೇಡಿ. 2021ರ 'ಡಯಾಬ್ಲೊ 2: ರಿಸರೆಕ್ಟೆಡ್' ಒಳಗೆ ಓಡುವುದು 2000ನೇ ಇಸವಿಯ ಆಟದ ಲೆಕ್ಕಾಚಾರವೇ, ಮೇಲೆ ಹೊಸ ಚಿತ್ರ ಹೊದಿಸಿದ್ದಾರೆ. ಕೀಬೋರ್ಡಿನಲ್ಲಿ 'ಜಿ' ಒತ್ತಿದರೆ ಹಳೆಯ ಚಿತ್ರ ಬರುತ್ತದೆ, ಮತ್ತೆ ಒತ್ತಿದರೆ ಹೊಸದು. ಇಂಥ ರೀಮಾಸ್ಟರನ್ನು ಕಣ್ಣುಮುಚ್ಚಿ ಆರಿಸಬಹುದು.

'ಆಬ್ಲಿವಿಯನ್' ಕತೆ ಬೇರೆ. 2006ರ ಮೂಲದಲ್ಲಿ ಪಾತ್ರದ ಲೆವೆಲ್ (ಮಟ್ಟ) ಏರುವಾಗ ಸಿಗುವ ಬಲ, ಅದಕ್ಕೆ ಮುಂಚೆ ಯಾವ ಕೌಶಲಗಳನ್ನು ಎಷ್ಟು ಬಳಸಿದಿರಿ ಎಂಬುದನ್ನು ಅವಲಂಬಿಸಿತ್ತು. ಶತ್ರುಗಳೂ ನಿಮ್ಮ ಜೊತೆಗೇ ಬಲಿಯುತ್ತಿದ್ದರು. ಹಾಗಾಗಿ ಮನಸ್ಸಿಗೆ ಬಂದಂತೆ ಆಡಿದವರು ಲೆವೆಲ್ ಏರಿದಷ್ಟೂ ಸೋಲುವುದಿತ್ತು. 2025ರ ರೀಮಾಸ್ಟರ್ ಈ ಪದ್ಧತಿಯನ್ನೇ ತಿದ್ದಿತು, ಜೋರಾಗಿ ಓಡುವ ಸೌಲಭ್ಯವನ್ನೂ ಸೇರಿಸಿತು. ಇದು ಬರೀ ಬಣ್ಣ ಬಳಿದ ಕೆಲಸವಲ್ಲ. ಆದರೂ ಈ ತಿದ್ದುಪಡಿ ಒಳ್ಳೆಯದೇ ಎನ್ನುತ್ತೇನೆ, ಏಕೆಂದರೆ ಹಳೆಯ ಪದ್ಧತಿ ಆಟಗಾರರನ್ನು ಸಾಹಸ ಬಿಟ್ಟು ಲೆಕ್ಕ ಬರೆಯಲು ಕೂರಿಸುತ್ತಿತ್ತು.

ಬೇಕೆಂದೇ ಇಟ್ಟ ತೊಡಕಿಗೆ ಒಳ್ಳೆಯ ಉದಾಹರಣೆ 1981ರ 'ವಿಜಾರ್ಡ್ರಿ'. ಅದರ ನೆಲಮಾಳಿಗೆಯ ನಕ್ಷೆಯನ್ನು ಆಟಗಾರರು ಚೌಕುಳಿ ಕಾಗದದ ಮೇಲೆ ತಾವೇ ಬರೆಯಬೇಕಿತ್ತು. ಗೊತ್ತಾಗದಂತೆ ದಿಕ್ಕು ತಿರುಗಿಸುವ ಚೌಕ, ಇನ್ನೆಲ್ಲಿಗೋ ಒಯ್ದು ಬಿಡುವ ಚೌಕ, ಏನೂ ಕಾಣದ ಕತ್ತಲ ಜಾಗ ಇವೆಲ್ಲ ಪೆನ್ಸಿಲ್ ಹಿಡಿದವರ ದಾರಿ ತಪ್ಪಿಸಲೆಂದೇ ಇದ್ದವು. ನಕ್ಷೆ ತಾನಾಗಿಯೇ ಮೂಡಿದರೆ ಆ ಬಲೆಗಳ ಹಲ್ಲು ಕಿತ್ತಂತೆಯೇ. ಡಿಜಿಟಲ್ ಎಕ್ಲಿಪ್ಸ್ 2024ರಲ್ಲಿ ಪೂರ್ಣಗೊಳಿಸಿದ ರೀಮೇಕ್ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ: ಆಪಲ್ 2 ಕಂಪ್ಯೂಟರಿನ ಮೂಲ ಪರದೆಯನ್ನು ಮೂಲೆಯಲ್ಲಿ ತೋರಿಸುತ್ತಲೇ ಇರುತ್ತದೆ, ಹಳೆಯ ನಿಯಮಗಳನ್ನು ಆರಿಸಿಕೊಳ್ಳಲೂ ಬಿಡುತ್ತದೆ.

ಮೂಲವನ್ನು ಓಡಿಸುವ ಬಗೆ

ಮೂಲ ಆಟ ಸಿಗುವುದು ಈಗ ಕಷ್ಟವಲ್ಲ. ಆಟಗಳನ್ನು ಮಾರುವ ಜಿಒಜಿ ತಾಣದಲ್ಲಿ 'ಬಾಲ್ಡರ್ಸ್ ಗೇಟ್' ಎನ್‌ಹಾನ್ಸ್ಡ್ ಎಡಿಷನ್ ಕೊಂಡವರಿಗೆ ಮೂಲವೂ ಜೊತೆಗೇ ಬರುತ್ತದೆ. ಹಳೆಯ ಸಿಡಿಯಿಂದ ಹಾಕಲು ಹೊರಟರೆ ಮಾತ್ರ ಒಂದು ತೊಂದರೆ ಎದುರಾಗಬಹುದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮುಗಳನ್ನು ಓಡಿಸುವುದಿಲ್ಲ, ಹಾಗಾಗಿ ಆಟ ಸರಿಯಿದ್ದರೂ ಅದರ ಇನ್‌ಸ್ಟಾಲರ್ ಕೈಕೊಡುವುದುಂಟು.

ಇನ್‌ಸ್ಟಾಲ್ ಮಾಡುವಾಗ 'ಪ್ರೋಗ್ರಾಮ್ ಫೈಲ್ಸ್' ಫೋಲ್ಡರ್ ಬೇಡ. ಹಳೆಯ ಆಟಗಳು ಸೇವ್‌ಗಳನ್ನು (ಆಡಿದಷ್ಟನ್ನು ಉಳಿಸಿಡುವ ಫೈಲುಗಳನ್ನು) ತಮ್ಮದೇ ಫೋಲ್ಡರಿನಲ್ಲಿ ಬರೆಯುತ್ತವೆ. ಆ ಜಾಗದಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ, ಇಲ್ಲವೇ ಫೈಲುಗಳನ್ನು ಸದ್ದಿಲ್ಲದೆ ಬೇರೆ ಕಡೆ ಇಡುತ್ತದೆ. ಡ್ರೈವಿನಲ್ಲಿ ನೇರವಾಗಿ 'ಗೇಮ್ಸ್' ಎಂಬ ಫೋಲ್ಡರ್ ಮಾಡಿಕೊಂಡು ಅಲ್ಲಿ ಹಾಕಿ.

ವಿಂಡೋಸ್‌ಗೆ ಮುಂಚಿನ ಡಾಸ್ ಕಾಲದ ಆಟಗಳಿಗೆ, ಆಗಿನ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಮ್ ಬೇಕು. ಆಟ ತೀರಾ ವೇಗವಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನ ಮಾಡಿ, ಎಳೆದಾಡಿದರೆ ಎಫ್12 ಒತ್ತಿ ಚುರುಕು ಮಾಡಿ. ಆಸ್ಪೆಕ್ಟ್ (ಚಿತ್ರದ ಅಗಲ-ಎತ್ತರದ ಅನುಪಾತ) ಸರಿಪಡಿಸುವ ಆಯ್ಕೆಯನ್ನು ಮರೆಯದೆ ಆನ್ ಮಾಡಿ. 320×200ರ ಚಿತ್ರಗಳನ್ನು ಬರೆದದ್ದು 4:3 ಅಳತೆಯ ಮಾನಿಟರಿಗೆ. ಆ ಮಾನಿಟರಿನಲ್ಲಿ ಪ್ರತಿ ಪಿಕ್ಸೆಲ್ ತುಸು ಉದ್ದವಾಗಿ ಕಾಣುತ್ತಿತ್ತು. ತಿದ್ದದೆ ಆಡಿದರೆ ಮುಖಗಳೆಲ್ಲ ಚಪ್ಪಟೆ. ಹಳೆಯ ಆಟದ ಚಿತ್ರ ಕೆಟ್ಟದಾಗಿದೆ ಎನ್ನುವವರಲ್ಲಿ ಅನೇಕರು ನೋಡಿರುವುದು ಈ ಚಪ್ಪಟೆ ಚಿತ್ರವನ್ನು.

1990ರ ದಶಕದ ಕೊನೆಯ ವಿಂಡೋಸ್ ಆಟಗಳಲ್ಲಿ ತೊಂದರೆ ಉಲ್ಟಾ. 'ಬಾಲ್ಡರ್ಸ್ ಗೇಟ್' 640×480ಕ್ಕೆ ಬರೆದ ಆಟ. ವೈಡ್‌ಸ್ಕ್ರೀನ್ ಮಾಡ್ (ಅಭಿಮಾನಿಗಳು ಬರೆದ ತಿದ್ದುಪಡಿ) ಹಾಕಿ ಮಾನಿಟರಿನ ಪೂರ್ತಿ ರೆಸಲ್ಯೂಷನ್ ಕೊಟ್ಟರೆ ಪಾತ್ರಗಳು ಇರುವೆಗಳಾಗುತ್ತವೆ, ಅಕ್ಷರ ಓದಲಾಗುವುದಿಲ್ಲ. ಮಧ್ಯಮ ರೆಸಲ್ಯೂಷನ್ ಸಾಕು.

ಮೂಲಕ್ಕೂ ರೀಮಾಸ್ಟರಿಗೂ ನಡುವೆ ಮೂರನೆಯ ದಾರಿಯೊಂದಿದೆ, ಅದು ನನಗೆ ಬಹಳ ಇಷ್ಟ. ಅಭಿಮಾನಿಗಳು ಎಂಜಿನ್ನನ್ನು, ಅಂದರೆ ಆಟವನ್ನು ಓಡಿಸುವ ಪ್ರೋಗ್ರಾಮನ್ನು, ಹೊಸದಾಗಿ ಬರೆಯುತ್ತಾರೆ, ಆಟದ ಫೈಲುಗಳು ಮಾತ್ರ ಮೂಲದವೇ. 1992ರ 'ಅಲ್ಟಿಮಾ 7'ಕ್ಕೆ ಎಕ್ಸಲ್ಟ್ ಇದೆ, 2002ರ 'ಮಾರೋವಿಂಡ್'ಗೆ ಓಪನ್‌ಎಂಡಬ್ಲ್ಯು. ಮೂಲ ಆಟ ನಿಮ್ಮ ಬಳಿ ಇದ್ದರಷ್ಟೇ ಇವು ಕೆಲಸ ಮಾಡುತ್ತವೆ.

ಆಡುವ ಮೊದಲು ಕೈಪಿಡಿ ಓದಿ. ಆಗಿನ ಆಟಗಳ ಅರ್ಧ ವಿಷಯ ಅದರಲ್ಲೇ ಇರುತ್ತಿತ್ತು. 1988ರ 'ವೇಸ್ಟ್‌ಲ್ಯಾಂಡ್' ಕತೆಯ ಭಾಗಗಳನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಿ, ಇಂತಿಂಥ ಸಂಖ್ಯೆಯ ಪ್ಯಾರಾ ಓದಿ ಎಂದು ಪರದೆಯ ಮೇಲೆ ಹೇಳುತ್ತಿತ್ತು. ಮುಂಚೆಯೇ ಇಣುಕಿ ನೋಡುವವರಿಗಾಗಿ ಸುಳ್ಳು ಪ್ಯಾರಾಗಳನ್ನೂ ಅದರಲ್ಲಿ ಸೇರಿಸಿದ್ದರು!

ರೀಮಾಸ್ಟರ್ ಆರಿಸಿದ್ದರೆ

ಆಟ ಶುರುಮಾಡುವ ಮುನ್ನ ಆಯ್ಕೆಗಳ ಪುಟವನ್ನು ಪೂರ್ತಿ ನೋಡಿ. 'ಬಾಲ್ಡರ್ಸ್ ಗೇಟ್' ಎನ್‌ಹಾನ್ಸ್ಡ್ ಎಡಿಷನ್‌ನಲ್ಲಿ ಪಾತ್ರಗಳ ಸುತ್ತ ಬರುವ ಕಪ್ಪು ಗೆರೆ ಕಣ್ಣಿಗೆ ಚುಚ್ಚಿದರೆ ತೆಗೆಯಬಹುದು. ಎರಡನೇ ಭಾಗದಲ್ಲಿ ಬಂದ ಕಿಟ್‌ಗಳು, ಅಂದರೆ ಯೋಧ, ಮಾಂತ್ರಿಕ ಮುಂತಾದ ಪಾತ್ರವರ್ಗಗಳ ವಿಶೇಷ ರೂಪಗಳು, ಇಲ್ಲಿ ಮೊದಲ ಭಾಗದಲ್ಲೇ ಸಿಗುತ್ತವೆ. ನೀರಾ, ಡಾರ್ನ್, ರಸಾದ್ ಎಂಬ ಮೂವರು ಹೊಸ ಸಂಗಾತಿಗಳೂ ಇದ್ದಾರೆ. ಮೊದಲ ಸಲ ಆಡುವವರು ಕಿಟ್ ಬಿಟ್ಟು, ಹಳೆಯ ಸಂಗಾತಿಗಳನ್ನಷ್ಟೇ ಕಟ್ಟಿಕೊಂಡು ಹೋಗಲಿ. ಮೂಲದ ಹದ ಬಹುಮಟ್ಟಿಗೆ ಸಿಗುತ್ತದೆ. ಮೂಲದ ವಿಡಿಯೊ ದೃಶ್ಯಗಳ ಬದಲು ಕೈಯಲ್ಲಿ ಬಿಡಿಸಿದ ಶೈಲಿಯ ಚಿತ್ರಗಳನ್ನು ಇಟ್ಟಿದ್ದಾರೆ, ಅವು ಮಾತ್ರ ನನಗೆ ಒಗ್ಗಲಿಲ್ಲ.

ಮಾಡ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಮೂಲಕ್ಕೆ ಬರೆದ ಮಾಡ್ ರೀಮಾಸ್ಟರಿನಲ್ಲಿ ನಡೆಯುತ್ತದೆಂಬ ಖಾತರಿಯಿಲ್ಲ. ಬೇಕಾದದ್ದನ್ನೆಲ್ಲ ಮೊದಲೇ ಹಾಕಿಕೊಂಡು ಆಮೇಲೆ ಹೊಸ ಆಟ ಆರಂಭಿಸಿ. ಅರ್ಧದಲ್ಲಿ ಸೇರಿಸಿದರೆ ಸೇವ್ ಕೆಡುವ ಸಂಭವ ಹೆಚ್ಚು.

ಹಾಗಾದರೆ ಯಾವುದಕ್ಕೆ ಯಾವುದು?

1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್' ಆಡುವವರು 2017ರ ಆವೃತ್ತಿಯನ್ನೇ ಹಿಡಿಯಿರಿ. ಅದು ಓದುವ ಆಟ, ಅಕ್ಷರ ದೊಡ್ಡದಾದಷ್ಟೂ ಲಾಭ. 'ಐಸ್‌ವಿಂಡ್ ಡೇಲ್ 2'ರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಮೂಲ ಸೋರ್ಸ್ ಕೋಡ್ (ಆಟದ ಪ್ರೋಗ್ರಾಮನ್ನು ಬರೆದ ಪಠ್ಯ) ಬೀಮ್‌ಡಾಗ್‌ಗೆ ಸಿಗದೆ ಅಧಿಕೃತ ಮರುಆವೃತ್ತಿ ನಿಂತುಹೋಯಿತು. 1997ರ 'ಫಾಲ್‌ಔಟ್' ಅನ್ನು ಮೂಲದಲ್ಲೇ ಆಡಿ. ನೀರಿನ ಚಿಪ್ ಹುಡುಕಲು ಅದು ಕೊಡುವ 150 ದಿನಗಳ ಗಡುವನ್ನು ಮಾಡ್ ಹಾಕಿ ತೆಗೆಯಬೇಡಿ, ಆ ಅವಸರವೇ ಆಟದ ಮೊದಲರ್ಧದ ಉಸಿರು.

ಯಾವುದನ್ನು ಆರಿಸಿದರೂ ಮೂಲದ ಇನ್‌ಸ್ಟಾಲರನ್ನು ಇಳಿಸಿ ಬೇರೊಂದು ಡ್ರೈವಿನಲ್ಲಿ ಇಟ್ಟುಕೊಳ್ಳಿ. 2020ರಲ್ಲಿ 'ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್' ಬಂದಾಗ ಹಳೆಯ ಆಟದ ಜಾಗದಲ್ಲೇ ಹೊಸದು ಬಂದು ಕುಳಿತಿತು, ಮೂಲವನ್ನು ಕೊಂಡಿದ್ದವರಿಗೂ ಅದೇ ಗತಿ. ಅದು ಆರ್‌ಪಿಜಿ ಅಲ್ಲ, ತಂತ್ರದ ಆಟ. ಆದರೆ ತಾನಾಗಿಯೇ ಅಪ್‌ಡೇಟ್ ಆಗುವ ಯಾವ ಆಟಕ್ಕೂ ಹೀಗಾಗಬಹುದು. ಜಿಒಜಿಯ ಆಫ್‌ಲೈನ್ ಇನ್‌ಸ್ಟಾಲರಿಗೆ ನಕಲು ತಡೆಯುವ ಬೀಗವಿಲ್ಲ, ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಅದರ ಜೊತೆಗೆ ಕೈಪಿಡಿಯ ಪಿಡಿಎಫ್ ಮತ್ತು ನಿಮ್ಮ ಸೇವ್ ಫೋಲ್ಡರನ್ನೂ ಇಡಿ.