ಅಕಾರ್ಡಿಯನ್ ನುಡಿಸುತ್ತ ಫ್ರೆಂಚ್ ಶಾನ್ಸೋಂ, ಜರ್ಮನ್ ಕ್ಯಾಬರೆ ಹಾಡುವ ಕ್ರಮ

ಕಾಸರಗೋಡಿನ ಕಡೆ ಯಕ್ಷಗಾನದ ಆಟ, ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಹಾಡುಗಾರಿಕೆಯ ಸ್ವಭಾವವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ಯಾರಿಸಿನ ಶಾನ್ಸೋಂ ಎಂಬ ಫ್ರೆಂಚ್ ಹಾಡುಗಳಾಗಲಿ, 1920ರ ದಶಕದ ಬರ್ಲಿನ್ನಿನ ಕ್ಯಾಬರೆ ಎಂಬ ವ್ಯಂಗ್ಯದ ರಂಗಗೀತೆಗಳಾಗಲಿ, ಮೊದಲ ಮಣೆ ಮಾತಿಗೆ.

ಹಾರ್ಮೋನಿಯಂ ಬಲ್ಲವರಿಗೆ ಅಕಾರ್ಡಿಯನ್ನಿನ ಬಲಗೈ ಬೇಗ ಒಗ್ಗುತ್ತದೆ. ಕಷ್ಟವಿರುವುದು ಎಡಗೈಯಲ್ಲಿ: ಅದು ತಿದಿಯನ್ನು ಎಳೆದು ತಳ್ಳುತ್ತಲೇ, ಕಣ್ಣಿಗೆ ಕಾಣದ ಬಾಸ್ (ತಗ್ಗು ಸ್ವರದ) ಗುಂಡಿಗಳನ್ನೂ ಒತ್ತಬೇಕು. 120 ಬಾಸ್ ಗುಂಡಿಗಳ ವಾದ್ಯ ಸುಮಾರು 10 ಕಿಲೋ ತೂಗುವುದರಿಂದ ನಿಂತು ಹಾಡುವವರಿಗೆ 48 ಅಥವಾ 72 ಬಾಸಿನದೇ ಲೇಸು. ಗುಳಿಯಿರುವ ‘ಸಿ’ ಸ್ವರದ ಗುಂಡಿಯನ್ನು ತಡವಿ ಗುರುತಿಸಿಕೊಂಡು, ವಾಲ್ಟ್ಸ್‌ನ ಮೂರೆಣಿಕೆಯಲ್ಲಿ ಮೊದಲ ಪೆಟ್ಟಿಗೆ ಬಾಸ್, ಉಳಿದೆರಡಕ್ಕೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರುವಂತೆ, ಹಾಡದೆಯೇ ಕೈ ಕುದುರುವವರೆಗೆ ನುಡಿಸಬೇಕು. ಗುಂಡಿಗಳ ಜೋಡಣೆ ಎಲ್ಲ ಶ್ರುತಿಗಳಿಗೂ ಒಂದೇ ಆದ್ದರಿಂದ, ನಿಮ್ಮ ಕಂಠಕ್ಕೆ ಹೊಂದುವ ಶ್ರುತಿಗೆ ಕೈಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರಾಯಿತು.

ತಿದಿ ದಿಕ್ಕು ಬದಲಿಸುವುದು ಸಾಲಿನ ಕೊನೆಯಲ್ಲಿ, ನೀವು ಉಸಿರೆಳೆಯುವಲ್ಲಿಯೇ ಆಗಬೇಕು. ಪದದ ನಡುವೆ ತಿರುಗಿದರೆ ಪದವೇ ತುಂಡಾದಂತೆ ಕೇಳಿಸುತ್ತದೆ. ಸಾಹಿತ್ಯವನ್ನು ಬರೆದುಕೊಂಡು ಆ ಜಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಗಾಳಿಗುಂಡಿ ಒತ್ತಿದರೆ ತಿದಿ ಸ್ವರವಿಲ್ಲದೆ ಮುಚ್ಚುತ್ತದೆ. ಹಾಡುವಾಗ ಬಲಗೈ ಬಹುಮಟ್ಟಿಗೆ ಸುಮ್ಮನಿರಲಿ. ಅದೂ ಅದೇ ಮಟ್ಟನ್ನು ನುಡಿಸಿದರೆ ಮಾತು ಮುಳುಗುತ್ತದೆ. ಸಾಲುಗಳ ನಡುವಿನ ಬಿಡುವೇ ಅದರ ಪಾಲು. ಪ್ಯಾರಿಸಿನ ಹಾಡುಗಳಿಗೆ, ತುಸು ಶ್ರುತಿಭೇದವಿರುವ ರೀಡುಗಳು (ದನಿ ಕೊಡುವ ಲೋಹದ ಪಟ್ಟಿಗಳು) ಜೊತೆಯಾಗಿ ಅಲೆಯಾಡುವ ಮ್ಯೂಸೆಟ್ ಸ್ವಿಚ್ಚು ಒಪ್ಪುತ್ತದೆ; ಬರ್ಲಿನ್ನಿನವಕ್ಕೆ ಒಂಟಿ ರೀಡಿನ ಒಣ ದನಿಯೇ ಚೆನ್ನ.

ಉಚ್ಚಾರಣೆಯಲ್ಲಿ ನಮ್ಮ ನಾಲಗೆಗೆ ಎರಡು ತೊಡಕುಗಳಿವೆ. ವ್ಯಂಜನಾಂತ್ಯ ಪದಗಳಿಗೆ ‘ಉ’ಕಾರ ಸೇರಿಸುವ ಅಭ್ಯಾಸವನ್ನು ಬಿಡಬೇಕು. ಎರಡೂ ಭಾಷೆಗಳಲ್ಲಿರುವ, ಕನ್ನಡದಲ್ಲಿಲ್ಲದ ಒಂದು ಸ್ವರಕ್ಕೆ, ನಾಲಗೆಯನ್ನು ‘ಈ’ ಎನ್ನುವಂತಿರಿಸಿ ತುಟಿಗಳನ್ನು ಮಾತ್ರ ‘ಊ’ಕಾರಕ್ಕೆ ದುಂಡಗೆ ಮಾಡಬೇಕು.

ಕ್ಯಾಬರೆಯಲ್ಲಿ ಭಾವಾವೇಶ ಕೆಡಕು. 1928ರಲ್ಲಿ ಬರ್ಲಿನ್ನಿನಲ್ಲಿ ಮೊದಲು ಆಡಿದ ನಾಟಕಕಾರ ಬ್ರೆಖ್ಟ್–ಸಂಗೀತಕಾರ ಕುರ್ಟ್ ವೈಲ್ ಜೋಡಿಯ ಸಂಗೀತನಾಟಕದ ಆರಂಭದಲ್ಲಿ ಬೀದಿಹಾಡುಗಾರನೊಬ್ಬ ಕೊಲೆಗಾರನ ಕೃತ್ಯಗಳನ್ನು ಹಗುರ ಮಟ್ಟಿನಲ್ಲಿ ಒಂದೊಂದಾಗಿ ಎಣಿಸುತ್ತಾನೆ. ಅದನ್ನು ಕಣ್ಣರಳಿಸಿ ಹಾಡಿದರೆ ವ್ಯಂಗ್ಯ ಸತ್ತಿತು. ಅರ್ಧ ಹಾಡಿ, ಅರ್ಧ ಆಡಿ, ಪೇಟೆಯ ಸುದ್ದಿ ಹೇಳುವಂತೆ ಸಾಗಬೇಕು. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಹಾಡುವಾಗ ಪ್ರತಿ ಹಾಡಿಗೂ ಮುನ್ನ ಎರಡು ವಾಕ್ಯಗಳಲ್ಲಿ ಕನ್ನಡದಲ್ಲಿ ಸಂದರ್ಭ ತಿಳಿಸಿ, ಅದಕ್ಕಿಂತ ಹೆಚ್ಚು ಬೇಡ.

ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಉಕ್ಕಿನ ರೀಡುಗಳು ತುಕ್ಕು ಹಿಡಿಯುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ವಾದ್ಯವನ್ನು ಬಿಡಬೇಡಿ. ರೀಡುಗಳನ್ನು ಅಂಟಿಸಿದ ಮೇಣ ಕರಗಿದರೆ ರಿಪೇರಿಗೆ ಬಲ್ಲವರನ್ನು ಹುಡುಕಿಕೊಂಡು ದೂರ ಹೋಗಬೇಕಾದೀತು.