ಆಫರ್ ಒಪ್ಪಿಗೆಯಾದ ದಿನದಿಂದ ಬೀಗದ ಕೈ ಸಿಗುವವರೆಗೆ: ಇಂಗ್ಲೆಂಡಿನಲ್ಲಿ ಮೊದಲ ಮನೆ ಕೊಳ್ಳುವ ಕನ್ನಡಿಗರಿಗೆ

ಮನೆಗೆ ನೀವು ಕೊಟ್ಟ ಆಫರನ್ನು ಮಾರುವವರು ಒಪ್ಪಿದ್ದಾರೆಂದು ಎಸ್ಟೇಟ್ ಏಜೆಂಟ್ ಫೋನ್ ಮಾಡಿದಾಗ ಸಂತೋಷವಾಗುವುದು ಸಹಜ. ಆದರೆ ಇಂಗ್ಲೆಂಡಿನ ಕಾನೂನಿನ ದೃಷ್ಟಿಯಲ್ಲಿ ಆ ದಿನ ಯಾರೂ ಯಾವುದಕ್ಕೂ ಬದ್ಧರಾಗಿರುವುದಿಲ್ಲ. ಕರ್ನಾಟಕದಲ್ಲಿ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿಕೊಂಡರೆ ಎರಡೂ ಕಡೆಗೆ ಒಂದು ಕಟ್ಟುಪಾಡು ಬರುತ್ತದೆ. ಇಲ್ಲಿ ಆಫರ್ ಒಪ್ಪಿಗೆಯಾದಾಗ ಮಾರುವವರಿಗೆ ಹಣ ಸಲ್ಲುವುದಿಲ್ಲ, ಯಾರ ಸಹಿಯೂ ಬೀಳುವುದಿಲ್ಲ, ಮತ್ತು ಆ ಬಳಿಕ ಬರುವ ಪ್ರತಿಯೊಂದು ಪತ್ರದಲ್ಲೂ ‘ಸಬ್ಜೆಕ್ಟ್ ಟು ಕಾಂಟ್ರ್ಯಾಕ್ಟ್’, ಅಂದರೆ ಕರಾರು ಆಗುವವರೆಗೆ ಬದ್ಧತೆಯಿಲ್ಲ, ಎಂಬ ಷರತ್ತು ಇರುತ್ತದೆ. ಕರಾರುಗಳ ವಿನಿಮಯ, ಅಂದರೆ ಎಲ್ಲರೂ ‘ಎಕ್ಸ್‌ಚೇಂಜ್’ ಎಂದು ಕರೆಯುವ ಘಟ್ಟ, ಮುಗಿಯುವವರೆಗೆ ಮಾರುವವರು ಹೆಚ್ಚು ಬೆಲೆ ಕೊಡುವ ಇನ್ನೊಬ್ಬರ ಕಡೆಗೆ ತಿರುಗಬಹುದು. ನೀವೂ ಕಾರಣ ಹೇಳದೆ ಹಿಂದೆ ಸರಿಯಬಹುದು. ಹಾಗಾದಾಗ ಅದುವರೆಗೆ ಸರ್ವೆಗೂ (ಮನೆಯ ಸ್ಥಿತಿಯ ತಪಾಸಣೆ), ಸರ್ಚುಗಳಿಗೂ (ಕೌನ್ಸಿಲ್ ಮೊದಲಾದವರ ದಾಖಲೆಗಳ ಹುಡುಕಾಟ), ಸಾಲಿಸಿಟರ್ ಅಂದರೆ ವಕೀಲರ ಕೆಲಸಕ್ಕೂ ಮಾಡಿದ ಖರ್ಚು ಮಾತ್ರ ಹೋದದ್ದೇ ಲೆಕ್ಕ. ಸ್ಕಾಟ್‌ಲೆಂಡಿನ ಪದ್ಧತಿ ಬೇರೆ. ವೇಲ್ಸ್‌ನಲ್ಲಿ ಕ್ರಮ ಹೆಚ್ಚುಕಡಿಮೆ ಇದೇ ಆದರೂ ತೆರಿಗೆ ಬೇರೆ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಸಂಬಂಧಿಸಿದ್ದು.

ಒಪ್ಪಿಗೆಯ ದಿನವೇ ಮಾಡಬೇಕಾದ ಕೆಲಸಗಳು ಕೆಲವೇ. ಮನೆಯನ್ನು ಮಾರಾಟದ ಪಟ್ಟಿಯಿಂದ ತೆಗೆದು ಬೇರೆಯವರಿಗೆ ತೋರಿಸುವುದನ್ನು ನಿಲ್ಲಿಸುವಂತೆ ಏಜೆಂಟರನ್ನು ಬರಹದಲ್ಲಿ ಕೇಳಿ. ಎರಡೂ ಕಡೆಯ ಸಾಲಿಸಿಟರ್‌ಗಳಿಗೆ ಏಜೆಂಟರು ಕಳುಹಿಸುವ ‘ಮೆಮೊರಾಂಡಮ್ ಆಫ್ ಸೇಲ್’ನಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಿ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಇವುಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವ ನಮ್ಮಂಥವರಿಗೆ ಈ ಎಚ್ಚರ ಮೊದಲ ದಿನದಿಂದಲೇ ಬೇಕು. ಸಾಲಿಸಿಟರ್ ಅಥವಾ ಆಸ್ತಿ ವರ್ಗಾವಣೆಯ ಕೆಲಸಕ್ಕೆಂದೇ ಲೈಸೆನ್ಸ್ ಪಡೆದ ಕನ್ವೇಯನ್ಸರ್ ಯಾರೆಂಬುದನ್ನು ನೀವೇ ಆರಿಸಬಹುದು. ಏಜೆಂಟರು ಸೂಚಿಸಿದವರನ್ನೇ ಹಿಡಿಯಬೇಕೆಂಬ ನಿಯಮವಿಲ್ಲ, ಮತ್ತು ಆ ಸೂಚನೆಯ ಹಿಂದೆ ಏಜೆಂಟರಿಗೆ ಕಮಿಷನ್ ಇರುವುದುಂಟು. ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿ ಅಥವಾ ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್ ಪಟ್ಟಿಯಲ್ಲಿ ಅವರು ಇದ್ದಾರೆಯೇ, ನಿಮಗೆ ಸಾಲ ಕೊಡುವ ಬ್ಯಾಂಕು ಅವರನ್ನು ಒಪ್ಪುತ್ತದೆಯೇ, ಭಾರತದಿಂದ ಬರುವ ಹಣದ ಕಾಗದಪತ್ರಗಳನ್ನು ಅವರು ಮೊದಲು ನೋಡಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಒಪ್ಪಿಸಿ. ಶುಲ್ಕದಲ್ಲಿ ಒಂದಿನ್ನೂರು ಪೌಂಡ್ ಕಡಿಮೆ ಎಂಬುದಕ್ಕಿಂತ ಮೂರನೆಯ ಪ್ರಶ್ನೆಯ ಉತ್ತರ ಹೆಚ್ಚು ಬೆಲೆಯುಳ್ಳದ್ದು.

ಏಕೆಂದರೆ ನಮ್ಮವರ ಖರೀದಿಗಳು ತಡವಾಗುವುದು ಮನೆಯ ದೋಷದಿಂದಲ್ಲ, ಬಹುಪಾಲು ಹಣದ ಮೂಲ ತೋರಿಸುವ ಹಂತದಲ್ಲಿ. 2017ರ ಮನಿ ಲಾಂಡರಿಂಗ್ ನಿಯಮಗಳ ಪ್ರಕಾರ ಡಿಪಾಸಿಟ್ ಹಣ ಎಲ್ಲಿಂದ ಬಂತು ಎಂಬುದನ್ನು ಸಾಲಿಸಿಟರ್ ಪರಿಶೀಲಿಸಲೇಬೇಕು. ಹಣ ನಿಮ್ಮ ಖಾತೆಯಲ್ಲಿದೆ ಎಂದು ತೋರಿಸಿದರೆ ಸಾಲದು; ಅದು ಆ ಖಾತೆಗೆ ಹೇಗೆ ಬಂತು, ಅದಕ್ಕೂ ಹಿಂದೆ ಎಲ್ಲಿತ್ತು ಎಂಬುದನ್ನು ಕೊಂಡಿ ತಪ್ಪದಂತೆ ತೋರಿಸಬೇಕು. ಇಲ್ಲಿನ ಸಂಬಳದ ಉಳಿತಾಯವಾದರೆ ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿಗಳಲ್ಲಿ ಮುಗಿಯುತ್ತದೆ. ಊರಿನಲ್ಲಿ ನಿವೇಶನ ಮಾರಿದ ಹಣವಾದರೆ ನೋಂದಣಿಯಾದ ಕ್ರಯಪತ್ರ, ಹಣ ಜಮೆಯಾದ ಖಾತೆಯ ವಿವರ, ಅಲ್ಲಿಂದ ಇಲ್ಲಿಗೆ ವರ್ಗಾವಣೆಯಾದ ದಾಖಲೆ ಎಲ್ಲವೂ ಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ಅಧಿಕೃತ ಅನುವಾದಕರಿಂದ ಇಂಗ್ಲಿಷಿಗೆ ಮಾಡಿಸಿ ಇಟ್ಟುಕೊಳ್ಳಿ. ಈ ಕಡತವನ್ನು ಆಫರ್ ಕೊಡುವ ಮೊದಲೇ ಸಿದ್ಧಪಡಿಸಿದವರಿಗೂ ಆಮೇಲೆ ಹುಡುಕಲು ಹೊರಟವರಿಗೂ ವಾರಗಟ್ಟಲೆ ವ್ಯತ್ಯಾಸ ಬೀಳುತ್ತದೆ.

ಅಪ್ಪ ಅಮ್ಮ ಹಣ ಕೊಡುತ್ತಿದ್ದರೆ ಅದು ಉಡುಗೊರೆ, ಸಾಲವಲ್ಲ, ಮನೆಯಲ್ಲಿ ತಮಗೆ ಹಕ್ಕು ಬೇಡ ಎಂದು ಅವರು ಸಹಿ ಮಾಡಿದ ಪತ್ರವನ್ನು ಬ್ಯಾಂಕು ಕೇಳುತ್ತದೆ. ಅವರ ಗುರುತಿನ ದಾಖಲೆಯನ್ನೂ ಅವರ ಹಣದ ಮೂಲವನ್ನೂ ಸಾಲಿಸಿಟರ್ ನೋಡುತ್ತಾರೆ. ಭಾರತದ ನಿವಾಸಿಯೊಬ್ಬರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ಒಂದು ಆರ್ಥಿಕ ವರ್ಷದಲ್ಲಿ ಹೊರಗೆ ಕಳುಹಿಸಬಹುದಾದ ಮೊತ್ತ ತಲಾ 2,50,000 ಅಮೆರಿಕನ್ ಡಾಲರ್. ನೀವು ಅನಿವಾಸಿಯಾಗಿ ನಿಮ್ಮದೇ ಆಸ್ತಿ ಮಾರಿದ್ದರೆ ಹಣ ಭಾರತದಲ್ಲಿ ಅನಿವಾಸಿಗಳು ಇಡುವ ಎನ್‌ಆರ್‌ಒ ಖಾತೆಗೆ ಬಂದು, ತೆರಿಗೆ ಸಂದಾಯವಾಗಿ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರದೊಂದಿಗೆ ಹೊರಡುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಮಿತಿಯ ತೊಡಕು ತಪ್ಪಿಸಲೆಂದು ನಾಲ್ಕಾರು ಸ್ನೇಹಿತರ ಖಾತೆಗಳಿಂದ ಸ್ವಲ್ಪ ಸ್ವಲ್ಪ ತರಿಸುವ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಪ್ರತಿಯೊಬ್ಬ ಸ್ನೇಹಿತರ ಮೂಲವನ್ನೂ ವಿವರಿಸುವ ಹೊಣೆ ನಿಮ್ಮದಾಗುತ್ತದೆ. ಕೈಸಾಲವನ್ನು ಉಡುಗೊರೆಯೆಂದು ಬರೆಸುವುದು ಬ್ಯಾಂಕಿಗೆ ಸುಳ್ಳು ಹೇಳಿದಂತೆ, ಅದು ಅಪರಾಧ.

ಇದಕ್ಕಿಂತ ದೊಡ್ಡ ಆಘಾತ ಸ್ಟ್ಯಾಂಪ್ ಡ್ಯೂಟಿಯಲ್ಲಿ ಕಾದಿರುತ್ತದೆ. 2025ರ ಏಪ್ರಿಲ್ 1ರಿಂದ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ 3,00,000 ಪೌಂಡ್‌ವರೆಗೆ ತೆರಿಗೆಯಿಲ್ಲ, ಅಲ್ಲಿಂದ 5,00,000 ಪೌಂಡ್‌ವರೆಗಿನ ಭಾಗಕ್ಕೆ ಶೇ. 5, ಬೆಲೆ 5,00,000 ದಾಟಿದರೆ ಈ ರಿಯಾಯಿತಿ ಇಡಿಯಾಗಿ ಇಲ್ಲ. ಇಲ್ಲಿ ‘ಮೊದಲ ಬಾರಿ’ ಎಂದರೆ ಬ್ರಿಟನ್ನಿನಲ್ಲಿ ಮೊದಲ ಬಾರಿ ಎಂದಲ್ಲ, ಜಗತ್ತಿನಲ್ಲಿ ಎಲ್ಲಿಯೂ ವಾಸದ ಮನೆಯ ಒಡೆತನ, ಪಾಲಿನ ರೂಪದಲ್ಲಾದರೂ, ಉತ್ತರಾಧಿಕಾರದಿಂದ ಬಂದದ್ದಾದರೂ, ಎಂದೂ ಇರಬಾರದು ಎಂದು. ಜಂಟಿಯಾಗಿ ಕೊಳ್ಳುವಾಗ ಇಬ್ಬರೂ ಹಾಗಿರಬೇಕು. ಬೆಂಗಳೂರಿನಲ್ಲಿ ಹಿಂದೆಂದೋ ಫ್ಲ್ಯಾಟ್ ಕೊಂಡು ಮಾರಿದ್ದರೂ, ತಂದೆಯ ಕಾಲಾನಂತರ ಊರಿನ ಮನೆಯಲ್ಲಿ ನಿಮ್ಮ ಹೆಸರಿಗೆ ಪಾಲು ಬಂದಿದ್ದರೂ ರಿಯಾಯಿತಿ ಕೈಬಿಡುತ್ತದೆ. ಕಟ್ಟಡವೇ ಇಲ್ಲದ ಖಾಲಿ ನಿವೇಶನ ಮನೆಯಲ್ಲ. ಕಟ್ಟಲು ಆರಂಭಿಸಿದ್ದರೆ ಮಾತು ಬೇರೆ. ಲೈಫ್‌ಟೈಮ್ ಐಸಾ ಎಂಬ, ಸರ್ಕಾರ ಬೋನಸ್ ಸೇರಿಸುವ ಉಳಿತಾಯ ಖಾತೆಯ ಹಣವನ್ನು ಮನೆಗಾಗಿ ದಂಡವಿಲ್ಲದೆ ತೆಗೆಯುವುದಕ್ಕೂ ಮೊದಲ ಮನೆಯೆಂಬ ಷರತ್ತು ಇಷ್ಟೇ ಬಿಗಿಯಾಗಿದೆ, ಜೊತೆಗೆ ಮನೆಯ ಬೆಲೆ 4,50,000 ಪೌಂಡ್ ಮೀರುವಂತಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ಕೊಳ್ಳುವ ದಿನದ ಕೊನೆಗೆ ನಿಮಗೆ ಬೇರೊಂದು ಮನೆಯಲ್ಲಿ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಹಕ್ಕು ಉಳಿದಿದ್ದರೆ, ಅದು ಯಾವ ದೇಶದಲ್ಲಿದ್ದರೂ, ಇಡೀ ಬೆಲೆಯ ಮೇಲೆ ಶೇ. 5ರಷ್ಟು ಹೆಚ್ಚುವರಿ ತೆರಿಗೆ ಬೀಳಬಹುದು. ಒಟ್ಟಿಗೆ ಬಾಳುತ್ತಿರುವ ಗಂಡ ಹೆಂಡತಿಯಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಅದು ಇಬ್ಬರದೂ ಎಂದೇ ಎಣಿಕೆ. 4,00,000 ಪೌಂಡಿನ ಮನೆಯನ್ನು ತೆಗೆದುಕೊಳ್ಳಿ: ಮೊದಲ ಬಾರಿಯವರಿಗೆ 5,000 ಪೌಂಡ್, ರಿಯಾಯಿತಿ ಇಲ್ಲದವರಿಗೆ 10,000, ಹೆಚ್ಚುವರಿ ದರ ತಗಲಿದವರಿಗೆ 30,000. ಉತ್ತರಾಧಿಕಾರದಿಂದ ಇತ್ತೀಚೆಗೆ ಬಂದ ಸಣ್ಣ ಪಾಲಿಗೆ ವಿನಾಯಿತಿಗಳಿವೆ, ಮತ್ತು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ನಿಮ್ಮ ಹಕ್ಕು ಯಾವ ಬಗೆಯದೆಂಬುದು ಇಲ್ಲಿನ ಸಾಲಿಸಿಟರ್‌ಗೆ ತಾನಾಗಿ ಹೊಳೆಯುವ ವಿಷಯವಲ್ಲ. ಆದ್ದರಿಂದ ಖಾತೆ, ವಿಭಾಗಪತ್ರಗಳಲ್ಲಿ ಏನಿದೆಯೆಂದು ಊರಿನಲ್ಲಿ ವಿಚಾರಿಸಿಕೊಂಡು, ಆರಂಭದಲ್ಲೇ ಬರಹದಲ್ಲಿ ತಿಳಿಸಿ ಸಲಹೆ ಕೇಳಿ. ಈ ದೇಶಕ್ಕೆ ತೀರಾ ಹೊಸಬರಾಗಿದ್ದು, ಖರೀದಿಗೆ ಹಿಂದಿನ 12 ತಿಂಗಳಲ್ಲಿ 183 ದಿನ ಇಲ್ಲಿ ಇರದಿದ್ದರೆ ಅನಿವಾಸಿಗಳ ಶೇ. 2ರ ತೆರಿಗೆಯೂ ಸೇರುತ್ತದೆ. ಆಮೇಲೆ ಅಗತ್ಯವಾದಷ್ಟು ದಿನ ಇಲ್ಲಿ ಉಳಿದರೆ ಅದನ್ನು ಮರಳಿ ಕೇಳಲು ಅವಕಾಶವಿದೆ.

ಸಾಲದ ವಿಷಯದಲ್ಲಿ, ಆರಂಭದಲ್ಲಿ ಬ್ಯಾಂಕು ಕೊಡುವ ‘ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್’ (ತಾತ್ವಿಕ ಒಪ್ಪಿಗೆ) ಎಂಬುದು ಸಾಲ ಮಂಜೂರಾತಿಯಲ್ಲ. ಪೂರ್ಣ ಅರ್ಜಿ ಹಾಕಿ, ಬ್ಯಾಂಕು ಮನೆಯ ಮೌಲ್ಯಮಾಪನ ಮಾಡಿಸಿ, ಮಾರ್ಟ್‌ಗೇಜ್ ಆಫರ್ ಪತ್ರ ಕೊಟ್ಟಾಗಲೇ ಅದು ಗಟ್ಟಿ. ವೀಸಾದ ಮೇಲಿರುವವರಿಗೆ ಕೆಲವು ಬ್ಯಾಂಕುಗಳು ಹೆಚ್ಚು ಡಿಪಾಸಿಟ್ ಅಥವಾ ವೀಸಾದಲ್ಲಿ ಇಷ್ಟು ಅವಧಿ ಉಳಿದಿರಬೇಕೆಂದು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಎಲ್ಲ ಬ್ಯಾಂಕುಗಳನ್ನೂ ನೋಡುವ ಬ್ರೋಕರ್ ಇಲ್ಲಿ ಉಪಯುಕ್ತ. ಅರ್ಜಿಯಿಂದ ಕಂಪ್ಲೀಷನ್‌ವರೆಗೆ, ಅಂದರೆ ಪೂರ್ತಿ ಹಣ ಸಂದಾಯವಾಗಿ ಬೀಗದ ಕೈ ಸಿಗುವ ದಿನದವರೆಗೆ, ಕೆಲಸ ಬದಲಿಸುವುದು, ಕಾರಿಗೆ ಸಾಲ ಮಾಡುವುದು ಬೇಡ.

ಬ್ಯಾಂಕಿನ ಮೌಲ್ಯಮಾಪನ ಬ್ಯಾಂಕಿನ ಸಲುವಾಗಿ ಮಾಡಿದ್ದು. ನಿಮ್ಮ ಸಲುವಾಗಿ ಬೇರೆಯೇ ಸರ್ವೆ ಮಾಡಿಸಬೇಕು. ಸರ್ವೇಯರ್‌ಗಳ ವೃತ್ತಿಸಂಸ್ಥೆಯಾದ ಆರ್‌ಐಸಿಎಸ್‌ನ ಸದಸ್ಯರು ಮಾಡುವ ಸರ್ವೆಯಲ್ಲಿ ಮೂರು ಹಂತಗಳಿದ್ದು, ಸಾಮಾನ್ಯ ಸ್ಥಿತಿಯ ಮನೆಗೆ ಎರಡನೆಯದು, ಹಳೆಯ ವಿಕ್ಟೋರಿಯನ್ ಮನೆಗೋ ಬಹಳ ಮಾರ್ಪಾಡಾದ ಮನೆಗೋ ಮೂರನೆಯದು ತಕ್ಕದ್ದು. ಗೋಡೆಯ ತೇವ, ಚಾವಣಿ, ಬಿರುಕುಗಳ ಬಗ್ಗೆ ವರದಿ ಬಂದರೆ ಹೆದರಿ ಬಿಡುವ ಮೊದಲು ಸರ್ವೇಯರ್‌ಗೆ ಫೋನ್ ಮಾಡಿ. ಬರಹದಲ್ಲಿ ಎಚ್ಚರದಿಂದ ಎಲ್ಲವನ್ನೂ ಹೇಳಿದವರು ಮಾತಿನಲ್ಲಿ ಯಾವುದು ಮುಖ್ಯವೆಂದು ತಿಳಿಸುತ್ತಾರೆ. ದುರಸ್ತಿ ದೊಡ್ಡದಾದರೆ ಬೆಲೆ ಇಳಿಸಲು ಕೇಳುವುದು ನ್ಯಾಯವೇ.

ಈ ನಡುವೆ ನಿಮ್ಮ ಸಾಲಿಸಿಟರ್ ಕೌನ್ಸಿಲ್, ನೀರು ಮತ್ತು ಒಳಚರಂಡಿ, ಪರಿಸರ ಇವುಗಳ ಸರ್ಚ್ ಮಾಡಿಸುತ್ತಾರೆ. ಮಾರುವವರು ತುಂಬಿಕೊಡುವ ಟಿಎ6 ಅರ್ಜಿಯಲ್ಲಿ ನೆರೆಯವರೊಡನೆ ತಕರಾರು, ಬೇಲಿಯ ಹೊಣೆ, ಮಾಡಿಸಿದ ಕಟ್ಟಡ ಕೆಲಸಗಳ ವಿವರವಿದ್ದರೆ, ಟಿಎ10ರಲ್ಲಿ ಅವರು ಬಿಟ್ಟುಹೋಗುವ ಸಾಮಾನುಗಳ ಪಟ್ಟಿ ಇರುತ್ತದೆ. ಮನೆಯನ್ನು ಕಣ್ಣಾರೆ ಕಂಡವರು ನೀವು, ಸಾಲಿಸಿಟರ್ ಅಲ್ಲ. ಹಿಂಬದಿಗೆ ಕೋಣೆ ಸೇರಿಸಿದ್ದಾರೆ, ಅಟ್ಟವನ್ನು ಮಲಗುವ ಕೋಣೆ ಮಾಡಿದ್ದಾರೆ ಎಂಬುದನ್ನು ನೀವು ಹೇಳಿದರೇ ಅವರು ಬಿಲ್ಡಿಂಗ್ ರೆಗ್ಯುಲೇಷನ್ಸ್ (ಕಟ್ಟಡ ನಿಯಮಗಳ) ಪ್ರಮಾಣಪತ್ರ ಕೇಳಲು ಸಾಧ್ಯ. ಪ್ರಮಾಣಪತ್ರ ಸಿಗದಾಗ ಇಂಡೆಮ್ನಿಟಿ ಪಾಲಿಸಿ ಎಂಬ ವಿಮೆ ಕೊಡುತ್ತೇವೆ ಎಂದು ಮಾರುವವರು ಹೇಳುವುದು ರೂಢಿ. ಆ ಪಾಲಿಸಿ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ ರಕ್ಷಣೆಯೇ ಹೊರತು ಕೆಲಸ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸಾಲಿಸಿಟರನ್ನು ಕೇಳದೆ ನೀವಾಗಿ ಕೌನ್ಸಿಲ್‌ಗೆ ಫೋನ್ ಮಾಡಿದರೆ ಅಂಥ ಪಾಲಿಸಿಯೇ ಸಿಗದೆ ಹೋಗಬಹುದು.

ಫ್ಲ್ಯಾಟುಗಳು ಹೆಚ್ಚಾಗಿ ಲೀಸ್‌ಹೋಲ್ಡ್, ಅಂದರೆ ಇಷ್ಟು ವರ್ಷದ ಗುತ್ತಿಗೆಯ ಮೇಲಿನ ಒಡೆತನ. ಅಲ್ಲಿ ಉಳಿದ ಲೀಸ್ ವರ್ಷಗಳು, ಸರ್ವಿಸ್ ಚಾರ್ಜ್ (ಕಟ್ಟಡ ನಿರ್ವಹಣೆಯ ಶುಲ್ಕ), ಮುಂದೆ ಬರಲಿರುವ ದೊಡ್ಡ ದುರಸ್ತಿಗಳು, ಗ್ರೌಂಡ್ ರೆಂಟ್ (ಜಾಗದ ಬಾಡಿಗೆ) ಏರುವ ಬಗೆ ಇವೆಲ್ಲವನ್ನೂ ನೋಡಬೇಕು. 80 ವರ್ಷಕ್ಕಿಂತ ಕಡಿಮೆ ಉಳಿದ ಲೀಸಿನ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಜೂನ್ 30ರ ನಂತರದ ಹೆಚ್ಚಿನ ಹೊಸ ದೀರ್ಘ ಲೀಸುಗಳಲ್ಲಿ ಗ್ರೌಂಡ್ ರೆಂಟ್ ಇಲ್ಲವೆಂದೇ ಹೇಳಬಹುದು, ಹಳೆಯವುಗಳಲ್ಲಿ ಇದೆ. ಎತ್ತರದ ಕಟ್ಟಡವಾದರೆ ಹೊರಗೋಡೆಯ ಹೊದಿಕೆಯ ಅಗ್ನಿ ಸುರಕ್ಷತೆಗೆ ಸಂಬಂಧಿಸಿದ ಇಡಬ್ಲ್ಯುಎಸ್1 ಪತ್ರವನ್ನು ಬ್ಯಾಂಕು ಕೇಳಬಹುದು.

ಒಡೆತನ ಹೇಗಿರಬೇಕೆಂದು ಸಾಲಿಸಿಟರ್ ಕೇಳಿದಾಗ ಗಂಡ ಹೆಂಡತಿ ಕೂತು ಮಾತಾಡಿ ಉತ್ತರಿಸಿ. ‘ಜಾಯಿಂಟ್ ಟೆನೆಂಟ್ಸ್’ ಆದರೆ ಒಬ್ಬರು ತೀರಿಕೊಂಡಾಗ ಮನೆ ತಾನಾಗಿ ಇನ್ನೊಬ್ಬರಿಗೆ. ‘ಟೆನೆಂಟ್ಸ್ ಇನ್ ಕಾಮನ್’ ಆದರೆ ಪ್ರತಿಯೊಬ್ಬರ ಪಾಲೂ ಬೇರೆ, ಅದು ಉಯಿಲಿನಂತೆ ಹೋಗುತ್ತದೆ. ಅಪ್ಪ ಅಮ್ಮ ನಿಮ್ಮೊಡನೆ ನೆಲೆಸಿದ್ದರೆ, ಬ್ಯಾಂಕಿನ ಹಕ್ಕು ತಮ್ಮ ಹಕ್ಕಿಗಿಂತ ಮೊದಲು ಎಂದು ಒಪ್ಪುವ ಪತ್ರಕ್ಕೆ ಅವರ ಸಹಿ ಬೇಕಾಗುತ್ತದೆ. ಅದರ ಅರ್ಥವನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಬೇಕೆನಿಸಿದರೆ ಅವರೇ ಬೇರೆ ವಕೀಲರನ್ನು ಕೇಳಲಿ. ಮಾರ್ಟ್‌ಗೇಜ್ ಡೀಡಿಗೆ ಸಹಿ ಹಾಕುವಾಗ ಎದುರಿಗೇ ಇದ್ದು ನೋಡುವ ಸಾಕ್ಷಿ ಬೇಕು. ಮನೆಯವರು ಬೇಡ, ನೆರೆಯವರೋ ಸಹೋದ್ಯೋಗಿಯೋ ಆಗಲಿ.

ಇಷ್ಟೆಲ್ಲ ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ, ಮಾರುವವರು ಕೊಳ್ಳುತ್ತಿರುವ ಮನೆ, ಆ ಮನೆಯವರು ಕೊಳ್ಳುತ್ತಿರುವ ಮನೆ ಎಂಬ ಸರಪಳಿ ಉದ್ದವಾದಷ್ಟೂ ತಡ. ಎಲ್ಲ ಸಿದ್ಧವಾದಾಗ ಸಾಲಿಸಿಟರ್‌ಗಳು ಫೋನಿನಲ್ಲೇ ಎಕ್ಸ್‌ಚೇಂಜ್ ಮಾಡುತ್ತಾರೆ. ನೀವು ಯಾವ ಕಚೇರಿಗೂ ಹೋಗುವುದಿಲ್ಲ, ಮಾರುವವರ ಮುಖ ಕಾಣದೆಯೂ ಇರಬಹುದು. ಆ ಕ್ಷಣದಿಂದ ಎರಡೂ ಕಡೆ ಬದ್ಧ. ಸಾಮಾನ್ಯವಾಗಿ ಬೆಲೆಯ ಶೇ. 10 ಡಿಪಾಸಿಟ್ ಸಲ್ಲಿರುತ್ತದೆ, ನೀವು ಹಿಂದೆ ಸರಿದರೆ ಅದು ಹೋಗುತ್ತದೆ. ಭಾರತದಿಂದ ಬರಬೇಕಾದ ಹಣ ಅಷ್ಟರೊಳಗೆ ಪೌಂಡಿಗೆ ಬದಲಾಗಿ ಇಲ್ಲಿನ ಖಾತೆಯಲ್ಲಿರಲಿ. ಕಟ್ಟಡದ ವಿಮೆಯನ್ನು ಎಕ್ಸ್‌ಚೇಂಜ್ ದಿನದಿಂದಲೇ ಆರಂಭಿಸಿ, ಏಕೆಂದರೆ ರೂಢಿಯ ಕರಾರಿನಂತೆ ನಷ್ಟದ ಹೊಣೆ ಅಂದಿನಿಂದ ನಿಮ್ಮದು. ಬಾಡಿಗೆ ಮನೆಗೆ ನೋಟಿಸ್ ಕೊಡುವುದು ಇದಾದ ಮೇಲೆಯೇ.

ಹಣ ಕಳುಹಿಸುವ ಸಮಯವೇ ಮೋಸಗಾರರು ಕಾಯುವ ಸಮಯ. ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ’ ಎಂಬ ಇಮೇಲ್ ಸಾಲಿಸಿಟರ್ ಹೆಸರಿನಲ್ಲೇ ಬಂದರೂ ನಂಬಬೇಡಿ. ಮೊದಲ ದಿನ ಕೊಟ್ಟ ಪತ್ರದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಖಾತೆಯನ್ನು ಓದಿಸಿ, ಮೊದಲು ಸಣ್ಣ ಮೊತ್ತ ಕಳುಹಿಸಿ, ಮುಟ್ಟಿತೆಂದು ಕೇಳಿಕೊಂಡು ಉಳಿದದ್ದನ್ನು ಕಳುಹಿಸಿ.

ಕಂಪ್ಲೀಷನ್ ದಿನ ಬ್ಯಾಂಕಿನ ಸಾಲವೂ ನಿಮ್ಮ ಹಣವೂ ಮಾರುವವರ ಸಾಲಿಸಿಟರ್‌ಗೆ ತಲುಪಿದ ಮೇಲೆ ಏಜೆಂಟರು ಬೀಗದ ಕೈ ಕೊಡುತ್ತಾರೆ. ಶುಕ್ರವಾರಕ್ಕಿಂತ ವಾರದ ನಡುವಿನ ದಿನ ಒಳ್ಳೆಯದು, ಹಣ ತಡವಾದರೆ ಸರಿಪಡಿಸಲು ಮರುದಿನವಾದರೂ ಇರುತ್ತದೆ. ಗ್ಯಾಸ್, ವಿದ್ಯುತ್, ನೀರಿನ ಮೀಟರುಗಳ ಫೋಟೋ ತೆಗೆದುಕೊಳ್ಳಿ, ಕೌನ್ಸಿಲ್ ಟ್ಯಾಕ್ಸಿಗೆ ಹೆಸರು ಕೊಡಿ. ಸ್ಟ್ಯಾಂಪ್ ಡ್ಯೂಟಿ ವಿವರ 14 ದಿನಗಳೊಳಗೆ ಸಲ್ಲಬೇಕು. ಅದನ್ನೂ ಲ್ಯಾಂಡ್ ರಿಜಿಸ್ಟ್ರಿ ನೋಂದಣಿಯನ್ನೂ ಸಾಲಿಸಿಟರ್ ಮಾಡುತ್ತಾರೆ, ನೋಂದಣಿಗೆ ತಿಂಗಳುಗಳೇ ಹಿಡಿಯಬಹುದು. ನೋಂದಣಿ ದಾಖಲೆಯ ಪ್ರತಿ ಕೈಗೆ ಬಂದಾಗ ಹೆಸರಿನ ಕಾಗುಣಿತ, ವಿಳಾಸ, ಒಡೆತನದ ಬಗೆ ಮೂರನ್ನೂ ಓದಿ ನೋಡಿ, ತಪ್ಪಿದ್ದರೆ ಕೂಡಲೇ ತಿದ್ದಿಸಿ. ಲ್ಯಾಂಡ್ ರಿಜಿಸ್ಟ್ರಿಯ ಉಚಿತ ಪ್ರಾಪರ್ಟಿ ಅಲರ್ಟ್ ಸೇವೆಗೆ ನಿಮ್ಮ ಇಮೇಲ್ ಸೇರಿಸಿಟ್ಟರೆ ಆ ಮನೆಯ ದಾಖಲೆಯ ಮೇಲೆ ಯಾರಾದರೂ ಮಹತ್ವದ ಅರ್ಜಿ ಹಾಕಿದಾಗ ನಿಮಗೆ ತಿಳಿಯುತ್ತದೆ.